ಬೀನ್ಸ್ ಚೆಲ್ಲಿದರೆ ಗುಟ್ಟು ರಟ್ಟಾಗೋದು ಹೇಗೆ?

ಇಂಗ್ಲಿಷಲ್ಲಿ ಒಬ್ಬ ‘ಸ್ಪಿಲ್ಡ್ ದ ಬೀನ್ಸ್’ ಅಂದ್ರೆ ಅವನು ಅಡುಗೆಮನೆಯಲ್ಲಿ ಬೀನ್ಸ್ ಚೆಲ್ಲಿದ ಅಂತಲ್ಲ, ಗುಟ್ಟು ಬಿಟ್ಟುಕೊಟ್ಟ ಅಂತ. ‘ಪೀಸ್ ಆಫ್ ಕೇಕ್’ ಅಂದ್ರೆ ತುಂಬಾ ಸುಲಭದ ಕೆಲಸ. ‘ಅಂಡರ್ ದ ವೆದರ್’ ಅಂದ್ರೆ ಮೈ ಹುಷಾರಿಲ್ಲ. ಇಂಥವನ್ನ ಇಂಗ್ಲಿಷಿನಲ್ಲಿ ಇಡಿಯಮ್ ಅಂತಾರೆ, ಕನ್ನಡದಲ್ಲಿ ನುಡಿಗಟ್ಟು. ಒಂದೊಂದು ಪದದ ಅರ್ಥ ಗೊತ್ತಿದ್ದರೆ ಸಾಲದು. ಪದಗಳು ಒಟ್ಟಿಗೆ ಸೇರಿದಾಗ ಬೇರೆಯೇ ಅರ್ಥ ಬರುತ್ತೆ. ‘ನುಡಿಗಟ್ಟು’ ಅನ್ನೋ ಹೆಸರಲ್ಲೇ ಆ ‘ಕಟ್ಟು’ ಇದೆ ನೋಡಿ.

ಗಾದೆ ಬೇರೆ, ನುಡಿಗಟ್ಟು ಬೇರೆ ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀವಿ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಅನ್ನೋದು ಗಾದೆ, ಅದು ತಾನೇ ಒಂದು ಪೂರ್ತಿ ಮಾತು. ‘ಕೈ ಕೊಡು’, ‘ತಲೆ ತಿನ್ನು’, ‘ಮೂಗು ತೂರಿಸು’ ಇವು ನುಡಿಗಟ್ಟುಗಳು. ಇವು ನಮ್ಮ ವಾಕ್ಯದೊಳಗೆ ಬಂದು ಕೂರುತ್ತವೆ, ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. ಅದಕ್ಕೇ ದಿನದ ಮಾತಿನಲ್ಲಿ ಗಾದೆಗಿಂತ ನುಡಿಗಟ್ಟು ಜಾಸ್ತಿ ಬರುತ್ತೆ.

ಈಗ ಇದರ ಬಗ್ಗೆ ಯಾಕೆ ಬರೀತಿದ್ದೀವಿ ಅಂದ್ರೆ, ಕಾಲೇಜಿಗೆ ಬಂದ ಮೇಲೆ ಒಂದು ವಿಚಿತ್ರ ಗಮನಕ್ಕೆ ಬರುತ್ತೆ. ನಮ್ಮಲ್ಲಿ ಬಹಳ ಜನ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಪಾಠ, ಲ್ಯಾಬ್ ರೆಕಾರ್ಡ್, ವೈವಾ ಎಲ್ಲ ಇಂಗ್ಲಿಷಲ್ಲೇ. ಆದರೆ ನಮ್ಮದು ಪಠ್ಯಪುಸ್ತಕದ ಇಂಗ್ಲಿಷ್. ಥರ್ಮೋಡೈನಮಿಕ್ಸಿನ ಎರಡನೇ ನಿಯಮವನ್ನ ಇಂಗ್ಲಿಷಲ್ಲಿ ಸಲೀಸಾಗಿ ಹೇಳ್ತೀವಿ, ‘ಪ್ಲೇ ಇಟ್ ಬೈ ಇಯರ್’ ಅಂದ್ರೆ ಮುಖ ಮುಖ ನೋಡ್ಕೋತೀವಿ. ಶಾಲೆಯಲ್ಲಿ ಇಡಿಯಮ್‌ಗಳು ಬಂದಿದ್ದೇ ಪರೀಕ್ಷೆಗೆ: ಅರ್ಥ ಬರೆದು ಸ್ವಂತ ವಾಕ್ಯದಲ್ಲಿ ಬಳಸಿ. ಪರೀಕ್ಷೆ ಮುಗೀತು, ಇಡಿಯಮ್ ಮರೆತೋಯ್ತು. ಇತ್ತ ಕನ್ನಡದ ನುಡಿಗಟ್ಟುಗಳೂ ನಿಧಾನಕ್ಕೆ ನಮ್ಮ ಬಾಯಿಂದ ಜಾರ್ತಿವೆ.

ಮತ್ತೊಂದು ಕಡೆ ಕನ್ನಡ ಮೀಡಿಯಂನಿಂದ ಬಂದ ಗೆಳೆಯರಿದ್ದಾರೆ. ಗ್ರೂಪ್ ಡಿಸ್ಕಶನ್ ಅಂದ್ರೆ ಹಿಂದಿನ ಸಾಲಿಗೆ ಹೋಗ್ತಾರೆ. ಬೇರೆಯವರು ಬಾಯಿಬಿಟ್ಟರೆ ಉದುರೋ ಇಡಿಯಮ್ ಕೇಳಿ, ಅದು ಬಂದರೇನೇ ಇಂಗ್ಲಿಷ್ ಬಂದ ಹಾಗೆ ಅಂದ್ಕೋತಾರೆ. ನಾವು ಹೇಳಬೇಕು ಅಂತಿರೋದು ಇಷ್ಟೇ: ಇಡಿಯಮ್ ಅನ್ನೋದು ಬುದ್ಧಿವಂತಿಕೆಯ ಅಳತೆ ಅಲ್ಲ. ಅದನ್ನ ಕಲಿಯೋಕೆ ಒಳ್ಳೆ ದಾರಿ ಇದೆ. ಮನೆಯಲ್ಲಿ ಒಳ್ಳೆ ಕನ್ನಡ ಕೇಳಿ ಬೆಳೆದವರು ಆ ದಾರಿಯಲ್ಲಿ ನಮಗಿಂತ ನಾಲ್ಕು ಹೆಜ್ಜೆ ಮುಂದಿದ್ದಾರೆ.

ಪದ ಬದಲಾಯಿಸಿದರೆ ಕಟ್ಟು ಬಿಚ್ಚುತ್ತೆ

ನುಡಿಗಟ್ಟಿನ ಮೊದಲ ನಿಯಮ, ಅದರ ಪದಗಳನ್ನ ನಮ್ಮಿಷ್ಟಕ್ಕೆ ಬದಲಾಯಿಸೋ ಹಾಗಿಲ್ಲ. ಕನ್ನಡದ್ದೇ ಉದಾಹರಣೆ ತಗೊಳ್ಳಿ. ‘ಅವನು ಕೈ ಕೊಟ್ಟ’ ಅಂದ್ರೆ ನಂಬಿಸಿ ಮೋಸ ಮಾಡಿದ ಅಂತ. ಕೈಗೂ ಹಸ್ತಕ್ಕೂ ಅರ್ಥ ಒಂದೇ ಅಲ್ವಾ ಅಂತ ‘ಹಸ್ತ’ ಹಾಕಿ ನೋಡಿ. ‘ಸಹಾಯಹಸ್ತ ಚಾಚಿದ’ ಅಂದ್ರೆ ಪೂರ್ತಿ ಉಲ್ಟಾ ಅರ್ಥ.

ಇಂಗ್ಲಿಷಲ್ಲೂ ಹಾಗೇ. ‘ಲೆಟ್ ದ ಕ್ಯಾಟ್ ಔಟ್ ಆಫ್ ದ ಬ್ಯಾಗ್’ ಅಂದ್ರೆ ಬಾಯಿತಪ್ಪಿ ಗುಟ್ಟು ಹೇಳಿಬಿಡೋದು. ಅಲ್ಲಿ ಬೆಕ್ಕಿನ ಬದಲು ನಾಯಿ, ಬ್ಯಾಗಿನ ಬದಲು ಬಾಕ್ಸ್ ಬರೋ ಹಾಗಿಲ್ಲ. ಕ್ರಿಯಾಪದ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗುತ್ತೆ.

ಇನ್ನೂ ಒಂದು ಸೂಕ್ಷ್ಮ ಇದೆ. ‘ಸ್ಪಿಲ್ ದ ಬೀನ್ಸ್’ ಅನ್ನೋದನ್ನ ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ ‘ದ ಬೀನ್ಸ್ ವರ್ ಸ್ಪಿಲ್ಡ್’ ಅಂದ್ರೂ ‘ಗುಟ್ಟು ರಟ್ಟಾಯ್ತು’ ಅನ್ನೋ ಅರ್ಥ ಉಳಿಯುತ್ತೆ. ಆದರೆ ‘ಕಿಕ್ ದ ಬಕೆಟ್’, ಅಂದ್ರೆ ಸಾಯೋದು, ಇದನ್ನ ‘ದ ಬಕೆಟ್ ವಾಸ್ ಕಿಕ್ಡ್’ ಅಂತ ಮಾಡಿದರೆ ಯಾರೋ ನಿಜವಾಗ್ಲೂ ಬಕೆಟ್ ಒದ್ದ ಹಾಗೆ ಕೇಳುತ್ತೆ. ಯಾಕೆ ಹೀಗೆ? ಮೊದಲನೆಯದರಲ್ಲಿ ಬೀನ್ಸ್ ಅಂದ್ರೆ ಗುಟ್ಟು, ಚೆಲ್ಲೋದು ಅಂದ್ರೆ ಹೊರಗೆ ಬಿಡೋದು ಅಂತ ಬಿಡಿಸಿ ನೋಡಬಹುದು. ಎರಡನೆಯದರಲ್ಲಿ ಬಕೆಟ್ ಯಾವುದನ್ನೂ ಸೂಚಿಸಲ್ಲ. ಇಡೀ ಕಟ್ಟಿಗೇ ಒಂದು ಅರ್ಥ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೇಳೋದಾದ್ರೆ ಒಂದನ್ನ ಬಿಚ್ಚಿ ನೋಡಬಹುದು, ಇನ್ನೊಂದು ಬ್ಲ್ಯಾಕ್ ಬಾಕ್ಸ್. ಅಂದ ಹಾಗೆ ‘ಕಿಕ್ ದ ಬಕೆಟ್’ ತಮಾಷೆಯ ಮಾತು. ಸಾವಿನ ಮನೆಯಲ್ಲಿ ಹೇಳೋ ಹಾಗಿಲ್ಲ. ಕನ್ನಡದ ‘ಗೊಟಕ್ ಅಂದ’ ಇದ್ದ ಹಾಗೆ.

ನಮ್ಮ ಬ್ರಾಂಚಿನ ಇಡಿಯಮ್‌ಗಳು

ಇಡಿಯಮ್ ನೆನಪಲ್ಲಿ ಉಳಿಯಬೇಕಾದರೆ ಅದು ಹುಟ್ಟಿದ ಜಾಗ ಗೊತ್ತಿರಬೇಕು. ಎಂಜಿನಿಯರಿಂಗ್ ಓದೋರಿಗೆ ಇಲ್ಲೊಂದು ಲಾಭ ಇದೆ. ದಿನ ಬಳಸೋ ಎಷ್ಟೋ ಇಂಗ್ಲಿಷ್ ನುಡಿಗಟ್ಟುಗಳು ಯಂತ್ರಗಳಿಂದಲೇ ಬಂದಿವೆ.

ಮೆಕ್ಯಾನಿಕಲ್‌ನವರಿಂದ ಶುರು ಮಾಡೋಣ. ‘ಲೆಟ್ ಆಫ್ ಸ್ಟೀಮ್’ ಅಂದ್ರೆ ಒಳಗೆ ಸೇರಿಕೊಂಡ ಸಿಟ್ಟು, ಒತ್ತಡವನ್ನ ಹೊರಗೆ ಹಾಕೋದು. ಸ್ಟೀಮ್ ಎಂಜಿನ್ನಿನ ಬಾಯ್ಲರಲ್ಲಿ ಒತ್ತಡ ಮಿತಿಮೀರಿದಾಗ ಹಬೆ ಹೊರಗೆ ಬಿಡಲೇಬೇಕು, ಇಲ್ಲದಿದ್ದರೆ ಸಿಡಿಯುತ್ತೆ. ಇಂಟರ್ನಲ್ಸ್ ಮುಗಿದ ಸಂಜೆ ಎಲ್ಲರೂ ಗ್ರೌಂಡಿಗೆ ಓಡ್ತಾರಲ್ಲ, ಅದೇ ಇದು. ‘ರನ್ ಔಟ್ ಆಫ್ ಸ್ಟೀಮ್’ ಅಂದ್ರೆ ಶುರುವಿನ ಹುರುಪು ಇಳಿದುಹೋಗೋದು. ‘ಫೈರಿಂಗ್ ಆನ್ ಆಲ್ ಸಿಲಿಂಡರ್ಸ್’ ಅಂದ್ರೆ ಪೂರ್ತಿ ಶಕ್ತಿಯಲ್ಲಿ ಕೆಲಸ ಮಾಡೋದು. ನಡೀತಿರೋ ಕೆಲಸಕ್ಕೆ ಕಲ್ಲು ಹಾಕೋದಕ್ಕೆ ಬ್ರಿಟಿಷರು ‘ಸ್ಪ್ಯಾನರ್ ಇನ್ ದ ವರ್ಕ್ಸ್’ ಅಂತಾರೆ, ಅಮೆರಿಕದವರು ಸ್ಪ್ಯಾನರ್ ಬದಲು ‘ಮಂಕಿ ರೆಂಚ್’ ಅಂತಾರೆ. ತಿರುಗೋ ಹಲ್ಲುಚಕ್ರದ ಮಧ್ಯೆ ಸ್ಪ್ಯಾನರ್ ಬಿದ್ದರೆ ಏನಾಗುತ್ತೆ ಅಂತ ವರ್ಕ್‌ಶಾಪ್ ಮಾಡಿದವರಿಗೆ ಹೇಳಬೇಕಿಲ್ಲ.

ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್‌ನವರಿಗೆ ‘ಬ್ಲೋ ಎ ಫ್ಯೂಸ್’, ಅಂದ್ರೆ ಸಿಟ್ಟು ನೆತ್ತಿಗೇರೋದು. ‘ಆನ್ ದ ಸೇಮ್ ವೇವ್‌ಲೆಂಗ್ತ್’ ಅಂದ್ರೆ ಇಬ್ಬರ ಯೋಚನೆ ಒಂದೇ ಥರ ಇರೋದು. ರೇಡಿಯೋ ಕೇಳಬೇಕಾದ್ರೆ ಕಳಿಸೋ ತರಂಗಕ್ಕೇ ಟ್ಯೂನ್ ಮಾಡಬೇಕು ತಾನೇ? ‘ಗೆಟ್ ಯುವರ್ ವೈರ್ಸ್ ಕ್ರಾಸ್ಡ್’ ಅಂದ್ರೆ ಒಬ್ಬರು ಹೇಳಿದ್ದು ಒಂದು, ಇನ್ನೊಬ್ಬರು ತಿಳ್ಕೊಂಡಿದ್ದು ಇನ್ನೊಂದು. ಐಟಿ ಕಂಪನಿಗಳಲ್ಲಿ ‘ಐ ಡೋಂಟ್ ಹ್ಯಾವ್ ದ ಬ್ಯಾಂಡ್‌ವಿಡ್ತ್’ ಅಂದ್ರೆ ಇನ್ನೊಂದು ಕೆಲಸ ತಗೊಳ್ಳೋಕೆ ಪುರುಸೊತ್ತಿಲ್ಲ ಅಂತ. ಇಂಟರ್ನೆಟ್ ನಿಧಾನ ಅಂತ ಅಲ್ಲ.

‘ಬ್ಯಾಕ್ ಟು ದ ಡ್ರಾಯಿಂಗ್ ಬೋರ್ಡ್’ ಅನ್ನೋದಂತೂ ನಮಗೇ ಮಾಡಿದ ಹಾಗಿದೆ. ಇದನ್ನ ಜನಪ್ರಿಯ ಮಾಡಿದ್ದು 1941ರಲ್ಲಿ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಬಂದ ಪೀಟರ್ ಆರ್ನೋ ಅವರ ಒಂದು ವ್ಯಂಗ್ಯಚಿತ್ರ. ವಿಮಾನ ನೆಲಕ್ಕೆ ಬಡಿದಿದೆ, ಎಲ್ಲರೂ ಅದರ ಕಡೆ ಓಡ್ತಿದ್ದಾರೆ. ಡಿಸೈನ್ ಮಾಡಿದ ಆಸಾಮಿ ಮಾತ್ರ ನಕ್ಷೆ ಸುತ್ತಿ ಕಂಕುಳಲ್ಲಿ ಇಟ್ಕೊಂಡು, ತಣ್ಣಗೆ ಈ ಮಾತು ಹೇಳ್ತಾ ವಾಪಸ್ ಹೊರಟಿದ್ದಾನೆ. ಮಾಡಿದ್ದು ಕೈಕೊಟ್ಟಾಗ ಮೊದಲಿನಿಂದ ಶುರು ಮಾಡೋದಕ್ಕೆ ಈಗ ಎಲ್ಲರೂ ಇದನ್ನೇ ಬಳಸ್ತಾರೆ. ‘ಪುಶ್ ದ ಎನ್ವಲಪ್’ ಕೂಡ ವಿಮಾನದ್ದೇ. ಇಲ್ಲಿ ಎನ್ವಲಪ್ ಅಂದ್ರೆ ಅಂಚೆ ಲಕೋಟೆ ಅಲ್ಲ. ಒಂದು ವಿಮಾನ ಸುರಕ್ಷಿತವಾಗಿ ಹಾರಬಲ್ಲ ವೇಗ, ಎತ್ತರಗಳ ಮಿತಿ, ಅಂದ್ರೆ ಫ್ಲೈಟ್ ಎನ್ವಲಪ್. ಟೆಸ್ಟ್ ಪೈಲಟ್‌ಗಳು ಆ ಮಿತಿಯನ್ನ ಇನ್ನಷ್ಟು ಮುಂದೆ ತಳ್ಳಿ ನೋಡ್ತಿದ್ದರು. 1979ರಲ್ಲಿ ಬಂದ ಟಾಮ್ ವುಲ್ಫ್ ಅವರ ‘ದ ರೈಟ್ ಸ್ಟಫ್’ ಪುಸ್ತಕದಿಂದ ಈ ಮಾತು ಸಾಮಾನ್ಯ ಜನರಿಗೂ ತಲುಪಿತು.

ಯಂತ್ರದಿಂದ ನುಡಿಗಟ್ಟು ಮಾಡಿಕೊಂಡವರು ಇಂಗ್ಲಿಷಿನವರು ಮಾತ್ರ ಅಲ್ಲ. 1864ರಲ್ಲಿ ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ ರೈಲು ಶುರುವಾಯ್ತು. ಇವತ್ತು ನಾವು ‘ಮಾತು ಹಳಿ ತಪ್ಪಿತು’, ‘ಮಗ ಹಳಿ ತಪ್ಪಿದ’ ಅಂತೀವಿ. ಇಂಗ್ಲಿಷಿನ ‘ಗೋ ಆಫ್ ದ ರೇಲ್ಸ್’ ಕೂಡ ಇದೇ ಚಿತ್ರ.

ಯಾವ ಆಟ ಆಡ್ತಾರೋ ಆ ಮಾತು

ಆಟಗಳಿಂದ ಬಂದ ನುಡಿಗಟ್ಟುಗಳನ್ನ ನೋಡಿದರೆ ಮಾತಾಡ್ತಿರೋರು ಯಾವ ದೇಶದವರು ಅಂತಾನೂ ಊಹೆ ಮಾಡಬಹುದು. ಬ್ರಿಟನ್ನಿನವರದು ಕ್ರಿಕೆಟ್. ‘ಆನ್ ಎ ಸ್ಟಿಕ್ಕಿ ವಿಕೆಟ್’ ಅಂದ್ರೆ ಇಕ್ಕಟ್ಟಿನಲ್ಲಿ ಸಿಕ್ಕಿಹಾಕಿಕೊಂಡಿರೋದು. ಮಳೆಗೆ ನೆನೆದ ಪಿಚ್ ಬಿಸಿಲಿಗೆ ಒಣಗ್ತಾ ಇದ್ದಾಗ ಚೆಂಡು ಹೇಗೆ ಬರುತ್ತೆ ಅಂತ ಬ್ಯಾಟ್ಸ್‌ಮನ್‌ಗೆ ತಿಳಿಯೋದೇ ಇಲ್ಲ. ಕ್ರಿಕೆಟ್ ನೋಡೋ ನಮಗೆ ಇದನ್ನ ವಿವರಿಸಬೇಕಿಲ್ಲ. ‘ಬೌಲ್ಡ್ ಓವರ್’ ಅಂದ್ರೆ ಆಶ್ಚರ್ಯದಿಂದಲೋ ಮೆಚ್ಚುಗೆಯಿಂದಲೋ ದಂಗಾಗೋದು.

ಅಮೆರಿಕದವರದು ಬೇಸ್‌ಬಾಲ್. ‘ಬಾಲ್‌ಪಾರ್ಕ್ ಫಿಗರ್’ ಅಂದ್ರೆ ಸುಮಾರು ಲೆಕ್ಕ, ಅಂದಾಜು. ‘ಟಚ್ ಬೇಸ್’ ಅಂದ್ರೆ ಸಣ್ಣದಾಗಿ ಒಮ್ಮೆ ಮಾತಾಡಿಕೊಳ್ಳೋದು. ‘ಕರ್ವ್‌ಬಾಲ್’ ಅಂದ್ರೆ ಎದುರುನೋಡದ ತೊಂದರೆ ಅಥವಾ ಪ್ರಶ್ನೆ. ನಾವು ಬೇಸ್‌ಬಾಲ್ ಆಡಿದವರಲ್ಲ, ಅದಕ್ಕೇ ಇವು ತಲೆಗೆ ಹತ್ತೋದು ನಿಧಾನ. ಹತ್ತು ನಿಮಿಷ ಕೂತು ಆ ಆಟದ ನಿಯಮ ತಿಳ್ಕೊಂಡರೆ ಹತ್ತಾರು ಇಡಿಯಮ್ ಒಟ್ಟಿಗೆ ಅರ್ಥ ಆಗುತ್ತೆ. ಇನ್ನು ‘ದ ಬಾಲ್ ಈಸ್ ಇನ್ ಯುವರ್ ಕೋರ್ಟ್’ ಟೆನಿಸ್ಸಿನದು: ನಮ್ಮ ಪಾಲಿನ ಕೆಲಸ ಆಯ್ತು, ಮುಂದಿನ ತೀರ್ಮಾನ ನಿಮ್ಮದು. ‘ಥ್ರೋ ಇನ್ ದ ಟವೆಲ್’ ಬಾಕ್ಸಿಂಗಿನದು: ಸೋಲೊಪ್ಪಿಕೊಳ್ಳೋದು.

ದೇಶ ಬದಲಾದರೆ ಅರ್ಥ ತಿರುಗುಮುರುಗಾಗೋ ಮಾತೂ ಇದೆ. ಮೀಟಿಂಗಲ್ಲಿ ಒಂದು ವಿಷಯವನ್ನ ‘ಟೇಬಲ್’ ಮಾಡೋಣ ಅಂತ ಬ್ರಿಟಿಷರು ಹೇಳಿದರೆ ಈಗಲೇ ಚರ್ಚೆಗೆ ತಗೊಳ್ಳೋಣ ಅಂತ. ಅಮೆರಿಕದವರು ಹೇಳಿದರೆ ಸದ್ಯಕ್ಕೆ ಬದಿಗಿಡೋಣ ಅಂತ. ನಾಳೆ ಎರಡೂ ದೇಶದ ಕ್ಲೈಂಟ್‌ಗಳ ಜೊತೆ ಕೆಲಸ ಮಾಡೋರಿಗೆ ಇದು ಗೊತ್ತಿರಲೇಬೇಕು.

ಕನ್ನಡದ ಜೊತೆ ಜೋಡಿ ಹಾಕಿ

ಈಗ ನಮ್ಮ ಮುಖ್ಯ ಮಾತಿಗೆ ಬರೋಣ. ಇಂಗ್ಲಿಷ್ ಇಡಿಯಮ್ ಕಲಿಯೋಕೆ ಕನ್ನಡದ ನುಡಿಗಟ್ಟಿಗಿಂತ ಒಳ್ಳೆ ಹಿಡಿ ಇನ್ನೊಂದಿಲ್ಲ. ಜೋಡಿ ಹಾಕ್ತಾ ಹೋದರೆ ಮೂರು ಗುಂಪು ಆಗುತ್ತೆ.

ಮೊದಲನೇ ಗುಂಪಿನಲ್ಲಿ ಚಿತ್ರವೂ ಒಂದೇ, ಅರ್ಥವೂ ಒಂದೇ. ‘ಬೆಲ್ ದ ಕ್ಯಾಟ್’ ಮತ್ತು ‘ಬೆಕ್ಕಿಗೆ ಗಂಟೆ ಕಟ್ಟೋದು’. ‘ಬಟರ್ ಅಪ್’ ಮತ್ತು ‘ಬೆಣ್ಣೆ ಹಚ್ಚೋದು’. ‘ಪೋಕ್ ಯುವರ್ ನೋಸ್’ ಮತ್ತು ‘ಮೂಗು ತೂರಿಸೋದು’. ಇವಕ್ಕೆ ಕಷ್ಟಪಡಬೇಕಿಲ್ಲ. ಕೆಲವು ಒಂದು ಭಾಷೆಯಿಂದ ಇನ್ನೊಂದಕ್ಕೆ ಅನುವಾದವಾಗಿ ಬಂದಿರಬಹುದು, ಕೆಲವು ಮನುಷ್ಯರ ಸ್ವಭಾವ ಎಲ್ಲ ಕಡೆ ಒಂದೇ ಆಗಿರೋದರಿಂದ ಬಂದಿರಬಹುದು.

ಎರಡನೇ ಗುಂಪಿನಲ್ಲಿ ಅರ್ಥ ಹತ್ತಿರ, ಚಿತ್ರ ಬೇರೆ. ‘ಸಿಟ್ಟಿಂಗ್ ಆನ್ ದ ಫೆನ್ಸ್’ ಅಂದ್ರೆ ಈ ಕಡೆಗೂ ಇಲ್ಲ, ಆ ಕಡೆಗೂ ಇಲ್ಲ. ನಮ್ಮಲ್ಲಿ ‘ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ’ ಮಾತಾಡ್ತಾರೆ. ಅವರು ಇಲಿಯಷ್ಟು ಪ್ರಾಣಿ ಎಬ್ಬಿಸಿದ ಮಣ್ಣಿನ ಗುಡ್ಡೆಯನ್ನ ಬೆಟ್ಟ ಮಾಡ್ತಾರೆ, ಅದೇ ‘ಮೇಕ್ ಎ ಮೌಂಟನ್ ಔಟ್ ಆಫ್ ಎ ಮೋಲ್‌ಹಿಲ್’. ನಾವು ಕಡ್ಡಿಯನ್ನ ಗುಡ್ಡ ಮಾಡ್ತೀವಿ. ಅವರು ಬೆಂಕಿಗೆ ‘ಫ್ಯುಯೆಲ್’ ಹಾಕ್ತಾರೆ, ನಾವು ತುಪ್ಪ ಸುರೀತೀವಿ. ಟೀಮಲ್ಲಿ ಒಬ್ಬೊಬ್ಬರದು ಒಂದೊಂದು ದಾರಿ ಆದಾಗ ಅವರು ‘ನಾಟ್ ಆನ್ ದ ಸೇಮ್ ಪೇಜ್’ ಅಂತಾರೆ. ನಮ್ಮಲ್ಲಿ ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು’. ನಮ್ಮದರಲ್ಲಿ ಇಡೀ ಗದ್ದೆಯೇ ಕಣ್ಣ ಮುಂದೆ ಬರುತ್ತೆ.

ಇಲ್ಲಿ ಹವಾಮಾನವೂ ಕೆಲಸ ಮಾಡುತ್ತೆ. ಇಂಗ್ಲೆಂಡ್ ಚಳಿ ದೇಶ. ಹಾಗಾಗಿ ಅವರಿಗೆ ಬೆಚ್ಚಗಿರೋದೇ ಪ್ರೀತಿ: ‘ವಾರ್ಮ್ ವೆಲ್ಕಮ್’. ತಣ್ಣಗಿದ್ದರೆ ಅಸಡ್ಡೆ: ‘ಕೋಲ್ಡ್ ಶೋಲ್ಡರ್’. ಅಪರಿಚಿತರ ನಡುವಿನ ಬಿಗುವು ಕಳೆಯೋದು ‘ಬ್ರೇಕ್ ದ ಐಸ್’. ನಮ್ಮದು ಬಿಸಿಲ ನಾಡು. ನಮ್ಮ ಹಿರಿಯರು ‘ನಿನ್ನ ಹೊಟ್ಟೆ ತಣ್ಣಗಿರಲಿ’ ಅಂತ ಹರಸ್ತಾರೆ. ಅದನ್ನ ಪದಕ್ಕೆ ಪದ ಇಂಗ್ಲಿಷಿಗೆ ತಂದರೆ ಆಶೀರ್ವಾದ ಹೋಗಿ ಡಾಕ್ಟರ್ ಹತ್ತಿರ ಕಳಿಸೋ ಹಾಗೆ ಕೇಳುತ್ತೆ.

ಮೂರನೇ ಗುಂಪು ಅಪಾಯದ್ದು. ಪದಗಳು ಒಂದೇ ಥರ ಕಂಡರೂ ಅರ್ಥ ಬೇರೆ. ‘ಗಿವ್ ಮಿ ಎ ಹ್ಯಾಂಡ್’ ಅಂದ್ರೆ ಸ್ವಲ್ಪ ಸಹಾಯ ಮಾಡು ಅಂತ. ನಮ್ಮಲ್ಲಿ ಕೈ ಕೊಡೋದು ಏನು ಅಂತ ಮೇಲೆ ನೋಡಿದ್ವಿ. ‘ಕೋಲ್ಡ್ ಫೀಟ್’ ಅಂದಾಗ ನಮ್ಮ ‘ಕೈಕಾಲು ತಣ್ಣಗಾಯ್ತು’ ನೆನಪಾಗುತ್ತೆ. ಎರಡರಲ್ಲೂ ಭಯ ಇದೆ. ಆದರೆ ನಮ್ಮದು ಕೆಟ್ಟ ಸುದ್ದಿ ಕೇಳಿದಾಗಲೂ ಆಗುತ್ತೆ. ಇಂಗ್ಲಿಷಿನದು, ಒಪ್ಪಿಕೊಂಡ ದೊಡ್ಡ ಕೆಲಸದಿಂದ ಕೊನೇ ಗಳಿಗೆಯಲ್ಲಿ ಹಿಂಜರಿಯೋದಕ್ಕೆ ಮಾತ್ರ. ಈ ಗುಂಪಿನ ಮಾತುಗಳನ್ನ ಅಂದಾಜಿನ ಮೇಲೆ ಬಳಸೋಕೆ ಹೋಗಬಾರದು.

ಈಗ ಯೋಚನೆ ಮಾಡಿ. ಅಜ್ಜಿ ಮಾತು ಕೇಳಿ ಬೆಳೆದ, ‘ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು’ ಅಂತ ಸಹಜವಾಗಿ ಹೇಳೋ ಗೆಳತಿಗೆ ‘ಡೌನ್ ದ ಡ್ರೇನ್’ ಕಲಿಸೋದು ಒಂದು ನಿಮಿಷದ ಕೆಲಸ. ಪಟ್ಟ ಶ್ರಮ ವ್ಯರ್ಥ ಆಗೋದರ ಚಿತ್ರ ಅವಳ ತಲೆಯಲ್ಲಿ ಆಗಲೇ ಇದೆ, ಇನ್ನೊಂದು ಹೆಸರು ಅಂಟಿಸಬೇಕು ಅಷ್ಟೇ. ಎರಡೂ ಭಾಷೆಯಲ್ಲಿ ಬರೀ ಪದಗಳನ್ನೇ ಇಟ್ಕೊಂಡಿರೋ ನಮಗೆ ಹೆಸರು, ಚಿತ್ರ ಎರಡನ್ನೂ ಕಲಿಯಬೇಕು. ಅವರು ಹಿಂದಿನ ಸಾಲಿಗೆ ಹೋಗಬೇಕಾದ ಕಾರಣವೇ ಇಲ್ಲ.

ಹಳೇ ಸರಕು, ನಮ್ಮೂರ ಸರಕು

ಬಸ್‌ಸ್ಟ್ಯಾಂಡಿನಲ್ಲಿ ಸಿಗೋ ಇಂಗ್ಲಿಷ್ ಕಲಿಸೋ ಪುಸ್ತಕಗಳಲ್ಲಿ ‘ರೇನಿಂಗ್ ಕ್ಯಾಟ್ಸ್ ಆಂಡ್ ಡಾಗ್ಸ್’ ಇದ್ದೇ ಇರುತ್ತೆ. ಜೊನಾಥನ್ ಸ್ವಿಫ್ಟ್ 1738ರ ಪುಸ್ತಕದಲ್ಲೇ ಇದನ್ನ ಬಳಸಿದ್ದರು. ಇವತ್ತು ಜೋರು ಮಳೆ ಬಂದರೆ ಇಂಗ್ಲಿಷಿನವರು ಹೆಚ್ಚಾಗಿ ‘ಇಟ್ಸ್ ಪೋರಿಂಗ್’ ಅಂದು ಸುಮ್ಮನಾಗ್ತಾರೆ. ಹುಲ್ಲಿನ ಸೂರಿನಿಂದ ಬೆಕ್ಕು ನಾಯಿ ಜಾರಿ ಬೀಳ್ತಿದ್ದವು, ಅದಕ್ಕೇ ಈ ಮಾತು ಬಂತು ಅನ್ನೋ ಕತೆ ಇಂಟರ್ನೆಟ್ಟಿನಲ್ಲಿ ಓಡಾಡುತ್ತೆ. ಅದಕ್ಕೆ ಆಧಾರ ಇಲ್ಲ. ‘ಸೇವ್ಡ್ ಬೈ ದ ಬೆಲ್’ ಜೀವಂತ ಹೂತವರು ಬಾರಿಸೋ ಗಂಟೆಯಿಂದ ಬಂತು ಅನ್ನೋದೂ ಹಾಗೇ. ಅದು ಬಾಕ್ಸಿಂಗ್ ರೌಂಡ್ ಮುಗಿದಾಗ ಹೊಡೆಯೋ ಗಂಟೆ. ಕತೆ ತುಂಬಾ ರುಚಿಯಾಗಿದ್ದರೆ ಸ್ವಲ್ಪ ಅನುಮಾನ ಪಡೋದು ಒಳ್ಳೇದು.

ಇನ್ನು ನಮ್ಮ ಭಾರತದ ಇಂಗ್ಲಿಷಿಗೇ ಸೇರಿದ ಮಾತುಗಳಿವೆ. ‘ಔಟ್ ಆಫ್ ಸ್ಟೇಷನ್’ ಅನ್ನೋದರಲ್ಲಿರೋ ಸ್ಟೇಷನ್ ರೈಲ್ವೆಯದಲ್ಲ, ಬ್ರಿಟಿಷ್ ಕಾಲದ ಅಧಿಕಾರಿಗಳನ್ನ ನೇಮಿಸ್ತಿದ್ದ ಊರು. ‘ಡೂ ದ ನೀಡ್‌ಫುಲ್’ ಹಿಂದೆ ಬ್ರಿಟನ್ನಿನಲ್ಲೂ ಇತ್ತು. ಅಲ್ಲಿ ಹಳೇದಾಯ್ತು, ನಮ್ಮ ಲೆಟರ್‌ಗಳಲ್ಲಿ ಉಳೀತು. ಡಿಗ್ರಿ ಮುಗಿಸಿದ್ದಕ್ಕೆ ನಾವು ‘ಪಾಸ್ಡ್ ಔಟ್’ ಅಂತೀವಿ, ಹೊರದೇಶದವರಿಗೆ ಅದು ಮೂರ್ಛೆ ಹೋದ ಸುದ್ದಿ. ‘ಡೋಂಟ್ ಈಟ್ ಮೈ ಹೆಡ್’ ಅಂತೂ ನಮ್ಮ ‘ತಲೆ ತಿನ್ಬೇಡ’ ಇಂಗ್ಲಿಷ್ ಬಟ್ಟೆ ಹಾಕ್ಕೊಂಡಿರೋದು. ಇವೆಲ್ಲ ತಪ್ಪು ಅಂತ ನಾಚಿಕೊಳ್ಳಬೇಕಿಲ್ಲ. ನಮ್ಮ ನಮ್ಮಲ್ಲಿ ಚೆನ್ನಾಗೇ ಕೆಲಸ ಮಾಡುತ್ತವೆ. ಎದುರಿಗೆ ಇರೋರು ಯಾರು ಅಂತ ನೋಡ್ಕೊಂಡು ಬಳಸಬೇಕು ಅಷ್ಟೇ.

ಹಾಗಾದ್ರೆ ಕಲಿಯೋದು ಹೇಗೆ?

ಐನೂರು ಇಡಿಯಮ್‌ಗಳ ಪಟ್ಟಿ ಡೌನ್‌ಲೋಡ್ ಮಾಡಿ ಬಾಯಿಪಾಠ ಮಾಡೋದು ಬೇಡ. ವಾರಕ್ಕೆ ಐದು ಸಾಕು. ಸಿನಿಮಾ, ಪಾಡ್‌ಕಾಸ್ಟ್, ಕ್ರಿಕೆಟ್ ಕಾಮೆಂಟರಿ, ಗೆಸ್ಟ್ ಲೆಕ್ಚರ್ ಎಲ್ಲೋ ಕಿವಿಗೆ ಬಿದ್ದಿದ್ದನ್ನ ಮಾತ್ರ ಬರೆದುಕೊಳ್ಳಿ. ಅರ್ಥ ಒಂದನ್ನೇ ಬರೆಯಬೇಡಿ. ಯಾರು ಯಾರಿಗೆ ಹೇಳಿದರು, ಆಗ ಏನು ನಡೀತಿತ್ತು, ಸಿಟ್ಟಿನಲ್ಲೋ ತಮಾಷೆಗೋ ಅನ್ನೋದನ್ನೂ ಒಂದು ಸಾಲು ಬರೀರಿ. ಪಕ್ಕದಲ್ಲಿ ಕನ್ನಡದ ಜೋಡಿ ಬರೀರಿ. ಜೋಡಿ ಹೊಳೆಯದಿದ್ದರೆ ಆ ಸಂದರ್ಭ ವಿವರಿಸಿ ಮನೆಯಲ್ಲಿ ಅಮ್ಮನನ್ನೋ ಅಜ್ಜನನ್ನೋ ಕೇಳಿ. ಇಂಗ್ಲಿಷ್ ಹೆಸರು ಹೇಳೋದೇ ಬೇಡ. ‘ಈಗಲೇ ಪ್ಲಾನ್ ಬೇಡ, ಆ ಹೊತ್ತಿಗೆ ಹೇಗೆ ಬರುತ್ತೋ ಹಾಗೆ ನೋಡ್ಕೊಳ್ಳೋಣ ಅನ್ನೋಕೆ ಏನಂತೀರಿ?’ ಅಂತ ಕೇಳಿ. ಅದೇ ಮೇಲೆ ಹೇಳಿದ ‘ಪ್ಲೇ ಇಟ್ ಬೈ ಇಯರ್’. ಸ್ವರಲಿಪಿ ಇಲ್ಲದೆ ಬರೀ ಕಿವಿಯ ಮೇಲೆ ನುಡಿಸೋ ಸಂಗೀತಗಾರರಿಂದ ಬಂದಿದ್ದು. ಒಂದೊಂದು ಮನೆಯಿಂದ ಒಂದೊಂದು ಉತ್ತರ ಬರುತ್ತೆ, ಎಲ್ಲವನ್ನೂ ಬರ್ಕೊಳ್ಳಿ.

ಮೊದಲು ಕೇಳಿ ಅರ್ಥ ಮಾಡಿಕೊಳ್ಳೋದಕ್ಕೆ ಕಲಿಯಿರಿ, ಬಳಸೋದು ಆಮೇಲೆ. ಇಂಟರ್ವ್ಯೂನಲ್ಲಿ ನಾವು ಇಡಿಯಮ್ ಹೇಳದಿದ್ದರೆ ಏನೂ ನಷ್ಟ ಇಲ್ಲ. ಅವರು ‘ಜಸ್ಟ್ ಗಿವ್ ಮಿ ಎ ಬಾಲ್‌ಪಾರ್ಕ್ ಫಿಗರ್’ ಅಂದಾಗ ಅಂದಾಜು ಸಾಕು ಅಂತ ತಿಳಿಯದೆ ದಶಮಾಂಶದವರೆಗೆ ಲೆಕ್ಕ ಹಾಕ್ತಾ ಕೂತರೆ ನಷ್ಟ. ತಿಳಿಯದಿದ್ದರೆ ‘ಹಾಗಂದ್ರೇನು?’ ಅಂತ ಕೇಳೋದರಲ್ಲಿ ಅವಮಾನ ಏನಿಲ್ಲ.

ಮಾತಾಡುವಾಗ ಎದುರಿನವರಿಗೆ ಅರ್ಥ ಆಗಲ್ಲ ಅನಿಸಿದರೆ ಇಡಿಯಮ್ ಬಿಟ್ಟು ಸರಳವಾಗಿ ಹೇಳಿ. ಗ್ರೂಪ್ ಡಿಸ್ಕಶನ್ನಿನಲ್ಲಿ ಪಕ್ಕದವರು ಬಾಯಿ ತೆರೆಯೋಕೆ ಧೈರ್ಯ ಬರೋ ಹಾಗೆ ಮಾತಾಡೋದು ಕೂಡ ಒಳ್ಳೆ ಇಂಗ್ಲಿಷೇ.

ನಮ್ಮ ಕನ್ನಡ ಸಂಘದ ಗುಂಪಿನಲ್ಲಿ ಒಂದು ಪಟ್ಟಿ ಶುರು ಮಾಡೋಣ ಅಂತಿದ್ದೀವಿ. ಎಡಗಡೆ ಇಂಗ್ಲಿಷಿನದು, ಬಲಗಡೆ ನಿಮ್ಮ ಊರಿನದು. ಧಾರವಾಡದ್ದು, ಮಂಗಳೂರಿನದು, ಚಾಮರಾಜನಗರದ್ದು, ಕಲಬುರಗಿಯದ್ದು ಯಾವುದಾದರೂ ಸರಿ. ಮೊದಲ ಸಾಲಿಗೆ ‘ಡೌನ್ ದ ಡ್ರೇನ್’ ಮತ್ತು ಹುಣಸೆಹಣ್ಣು ಹಾಕಿದ್ದೀವಿ. ಎರಡನೇ ಸಾಲಿನಲ್ಲಿ ಎಡಗಡೆ ‘ಪ್ಲೇ ಇಟ್ ಬೈ ಇಯರ್’ ಇದೆ, ಬಲಗಡೆ ಇನ್ನೂ ಖಾಲಿ. ನಿಮ್ಮ ಮನೆಯಲ್ಲಿ ಏನಂತಾರೆ, ಕೇಳಿ ಬರೆದು ಕಳಿಸಿ.